ನೀರಲ್ಲಿದ್ದೂ ಬೆವರಿದವನಿಗೆ ಅರ್ಧ ಅಂಕ

ಪತ್ರ: ಮಗಳ ಕನ್ನಡ ಪರೀಕ್ಷೆಯಲ್ಲಿ ರನ್ನನ ಗದಾಯುದ್ಧದ ಭಾಗ ಕೊಟ್ಟು ‘ಹಿನ್ನೆಲೆ ಯಾವುದು, ಸಂಘರ್ಷ ಯಾವುದು, ಗುರುತಿಸಿ’ ಅಂತ ಕೇಳಿದ್ದರು. ಅವಳು ಎರಡಕ್ಕೂ ‘ಸರೋವರದ ನೀರು’ ಅಂತ ಬರೆದಳು. ಅರ್ಧ ಅಂಕ ಸಿಕ್ಕಿದೆ. ಹೇಗೆ ತಿದ್ದಲಿ?
– ಒಬ್ಬ ತಾಯಿ, ಬದಿಯಡ್ಕ, ಕಾಸರಗೋಡು

ಉತ್ತರ: ಅಮ್ಮಾ, ಮೊದಲು ಮಗಳಿಗೆ ನನ್ನದೊಂದು ಶಹಬ್ಬಾಸ್ ಹೇಳಿಬಿಡಿ.

ಗುರುತಿಸುವುದೇ ತಪ್ಪು ಅಂತಲ್ಲ. ಕಥೆ ಎಲ್ಲಿ ನಡೆಯಿತು, ಜಗಳ ಯಾರ್ಯಾರಿಗೆ ಅಂತ ಗೊತ್ತಿರಬೇಕು. ಮಾಷ್ಟ್ರಿಗೂ ರಾಶಿ ಪೇಪರು ತಿದ್ದಲಿಕ್ಕಿದೆ. ಅಷ್ಟು ಸರಿ.

ಆದರೆ ರನ್ನನನ್ನು ನೋಡಿ. ಸಾವಿರ ವರ್ಷದ ಹಿಂದಿನವನು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ‘ನೀರೊಳಗಿರ್ದುಂ ಬೆಮರ್ದನುರಗಪತಾಕಂ.’ ಹಾವಿನ ಬಾವುಟದವನು ನೀರಿನೊಳಗಿದ್ದೂ ಬೆವರಿದ! ಹೆದರಿಕೆಗಾ, ಸಿಟ್ಟಿಗಾ? ಕಣ್ಣು ಕೋಪಕ್ಕೆ ಕೆಂಪಾಗಿತ್ತು ಅಂತಲೂ ಅದೇ ಪದ್ಯದಲ್ಲಿದೆ. ಆ ನೀರು ತೆಗೆದುಬಿಡಿ, ಬೆವರಿಗೆ ಬೆಲೆಯೇ ಇಲ್ಲ. ಬಯಲಲ್ಲಿ ಯಾರು ಬೇಕಾದರೂ ಬೆವರಿಯಾರು, ನಮ್ಮ ಏಪ್ರಿಲ್ ಸೆಕೆಯಲ್ಲಂತೂ ಕೇಳುವುದೇ ಬೇಡ. ಹಾಗಿರುವಾಗ ಜಾಗ ಬೇರೆ, ಜಗಳ ಬೇರೆ ಅಂತ ಗೆರೆ ಎಳೆಯುವುದು ಎಲ್ಲಿ?

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ತಾಳಮದ್ದಳೆ, ಅಂದರೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ, ಜಾಸ್ತಿ ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ. ಒಮ್ಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಹತ್ತಿರ, ಒಂದು ಮನೆಯ ಚಾವಡಿಯಲ್ಲಿ ಇದೇ ಪ್ರಸಂಗ. ಹೊರಗೆ ಜಡಿಮಳೆ. ಭೀಮ ಬೈಯಲು ಶುರು ಮಾಡಿದ. ಕೌರವನ ಪಾತ್ರದ ಮಾತು (ಅರ್ಥ) ಹೇಳುವವರು ಒಂದು ಮಾತೂ ಆಡಲಿಲ್ಲ. ಶಾಲಿನ ತುದಿಯಿಂದ ನಿಧಾನಕ್ಕೆ ಹಣೆ ಒರೆಸಿಕೊಂಡರು. ನನ್ನ ಪಕ್ಕದ ಅಜ್ಜಿ, ‘ಇವ ಇನ್ನು ಕೂತುಕೊಳ್ಳುವವ ಅಲ್ಲ’ ಅಂದರು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ! ಅವರಿಗೆಷ್ಟು ಅಂಕ ಕೊಡುತ್ತಿದ್ದರೋ.

ಮಾಷ್ಟ್ರನ್ನು ಮಾತ್ರ ಬೈದು ಪ್ರಯೋಜನವಿಲ್ಲ ಬಿಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ, ಕನ್ನಡ ಶಾಲೆಗೆ ಕನ್ನಡ ಬಲ್ಲವರನ್ನೇ ಹಾಕಿ ಅಂತ ಕೇಳಿ ಕೇಳಿ ನಮ್ಮ ಗಂಟಲು ಒಣಗಿದೆ. ಹಳಗನ್ನಡ ಬಾಯಿಗೆ ಹೊರಳದವರು ಗೈಡು ಹಿಡಿದು ಪಾಠ ಮಾಡುತ್ತಾರೆ. ಗೈಡಿನಲ್ಲಿ ಯಾರೂ ಬೆವರುವುದಿಲ್ಲ. ನೀವೂ ಅಷ್ಟೇ ಅಮ್ಮಾ, ಪದ್ಯ ಓದದೆ ಸುಮ್ನೆ ಅಂಕ ನೋಡಿದಿರಿ. ಬೇಸರ ಮಾಡಿಕೊಳ್ಳಬೇಡಿ.

ಮಗಳನ್ನು ತಿದ್ದಲು ಹೋಗಬೇಡಿ. ಆ ಪದ್ಯವನ್ನು ಗಟ್ಟಿಯಾಗಿ ಓದಿಸಿ. ‘ರವಮಂ’ (ಸದ್ದನ್ನು) ಅಂತ ಮೂರು ಸಲ ಬರುತ್ತದೆ, ಮೂರು ಸಲವೂ ಜೋರಾಗಿಯೇ ಹೇಳಲಿ. ಮುಂದಿನ ಪರೀಕ್ಷೆಯಲ್ಲಿ ಬೇಕಾದರೆ ‘ಸಂಘರ್ಷ: ಭೀಮ, ದುರ್ಯೋಧನ’ ಅಂತ ಬರೆಯಲಿ, ಅರ್ಧ ಅಂಕ ಯಾಕೆ ಬಿಡಬೇಕು? ಈಗಿನ ಆ ಪೇಪರಿನದ್ದೊಂದು ಪ್ರತಿ ಮಾತ್ರ ನನಗೆ ಕಳಿಸಿ.