ಕರವಸ್ತ್ರ ಎಲ್ಲಿ ಹೋಯ್ತು?

ನಮಸ್ಕಾರ.

ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಬಗ್ಗೆ ನೀವು ಕಳಿಸಿದ ಲೇಖನ ‘ಮಿಂಚಿನ ಮಗ’ ಓದಿದೆ. ಎರಡು ಸಲ. ಈಗ ಇರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಗೀಚಿ ಸುಮ್ನೆ ವಾಪಸ್ ಕಳಿಸುವ ಬರಹವೂ ಅಲ್ಲ. ಅದಕ್ಕೇ ಈ ಉದ್ದದ ಪತ್ರ.

ಹಿಟ್ಲರನ ಜರ್ಮನಿಯಲ್ಲಿ ಅವನು ನಾಲ್ಕು ಚಿನ್ನ ಗೆದ್ದ 1936ರ ಬರ್ಲಿನ್ ಒಲಿಂಪಿಕ್ಸ್ ಹಿಂದೆ ಎಲ್ಲರೂ ಬಿದ್ದಿರುವಾಗ ನೀವು ಅದರ ಹಿಂದಿನ ವರ್ಷಕ್ಕೆ ಹೋದಿರಿ. 1935ರ ಮೇ 25, ಮಿಷಿಗನ್‌ನ ಆನ್ ಆರ್ಬರ್, ಫೆರಿ ಫೀಲ್ಡ್ ಮೈದಾನ. ಬಿಗ್ ಟೆನ್ ಅನ್ನುವ ಹತ್ತು ವಿಶ್ವವಿದ್ಯಾಲಯಗಳ ಒಕ್ಕೂಟದ ಅಥ್ಲೆಟಿಕ್ಸ್ ಕೂಟ. ಆಯ್ಕೆ ಭೇಷ್. ಆದರೆ ಆರು ಪುಟದ ಲೇಖನದಲ್ಲಿ ಫೆರಿ ಫೀಲ್ಡ್ ಕಾಣಿಸುವುದು ನಾಲ್ಕನೇ ಪುಟದಲ್ಲಿ. ಅಲ್ಲಿಯವರೆಗೆ ಅಲಬಾಮಾ, ಬಾಲ್ಯ, ಬಡತನ. ಐದನೇ ಪುಟಕ್ಕೆ ಹಿಟ್ಲರ್ ಬಂದೇಬಿಟ್ಟ! ನಡುವೆ ಆ ಮಧ್ಯಾಹ್ನಕ್ಕೆ ಸಿಕ್ಕಿದ್ದು ಹನ್ನೊಂದು ಸಾಲು. ಎಣಿಸಿ ನೋಡಿದೆ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ಓವೆನ್ಸ್ 100 ಮೀಟರನ್ನು 9.4 ಸೆಕೆಂಡಿನಲ್ಲಿ ಓಡಿದ ಅಂತ ಬರೆದಿದ್ದೀರಿ. ಹಾಗಿದ್ದರೆ ಉಸೇನ್ ಬೋಲ್ಟ್‌ನ 9.58 ಇವತ್ತಿಗೂ ಎರಡನೇ ಸ್ಥಾನದಲ್ಲಿರಬೇಕಿತ್ತು, ಅಲ್ವಾ? ಅದು 100 ಗಜದ ಓಟ, ಅಂದರೆ 91.44 ಮೀಟರ್. ಗಜ ಅಂದ್ರೆ ಬಟ್ಟೆ ಅಂಗಡಿಯ ಲೆಕ್ಕ ಅನಿಸಿ ಮೀಟರ್ ಮಾಡಿದಿರೋ ಏನೋ. ಇನ್ನೊಂದು, ಆ ಓಟದಲ್ಲಿ ಅವನು ವಿಶ್ವದಾಖಲೆ ಮುರಿಯಲಿಲ್ಲ, ಸರಿಗಟ್ಟಿದ. ಮುರಿದದ್ದು ಆ ದಿನದ ಉಳಿದ ಮೂರು ಸ್ಪರ್ಧೆಗಳಲ್ಲಿ: ಲಾಂಗ್ ಜಂಪ್, 220 ಗಜದ ಓಟ, ಗಿಡ್ಡ ಅಡೆತಡೆಗಳನ್ನು ದಾಟಿ ಓಡುವ 220 ಗಜದ ಲೋ ಹರ್ಡಲ್ಸ್. ‘ಒಂದೆಡೆ ಐದು, ಇನ್ನೊಂದೆಡೆ ಆರು ದಾಖಲೆ ಅಂತಿದೆ, ಯಾವುದು ಸರಿ?’ ಅಂತ ಅಂಚಿನಲ್ಲಿ ಕೇಳಿದ್ದೀರಿ. 220 ಗಜ 200 ಮೀಟರಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ 220 ಗಜದ ಎರಡೂ ಸ್ಪರ್ಧೆಗಳ ಸಮಯವನ್ನು 200 ಮೀಟರಿಗೂ ಲೆಕ್ಕ ಹಿಡಿದರು. ಎಣಿಕೆ ಹಿಗ್ಗಿದ್ದು ಹಾಗೆ: ಮುರಿದದ್ದು ಐದು, ಸರಿಗಟ್ಟಿದ್ದೂ ಸೇರಿದರೆ ಆರು. ಮತ್ತೆ, ಆ ದಿನ ತಂಡದ ಪ್ರಶಸ್ತಿ ಗೆದ್ದದ್ದು ಅವನ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಅಲ್ಲ, ಆತಿಥೇಯ ಮಿಷಿಗನ್. ಒಬ್ಬ ಹುಡುಗ ನಾಲ್ಕಕ್ಕೆ ನಾಲ್ಕೂ ಗೆದ್ದ, ತಂಡ ಸೋತಿತು. ಇಂಥ ಮಜಾ ಇರುವ ಸಂಗತಿಯನ್ನು ಯಾರಾದರೂ ತಿರುಚಿ ಹಾಳು ಮಾಡುತ್ತಾರಾ?

ತಪ್ಪುಗಳನ್ನು ನಾನೇ ತಿದ್ದಬಹುದಿತ್ತು. ನನಗೆ ಬೇಜಾರಾದದ್ದು ಬೇರೆ ವಿಷಯಕ್ಕೆ. ಲಾಂಗ್ ಜಂಪ್ ಬಗ್ಗೆ ನೀವು ಬರೆದದ್ದು ಇದು: ‘ಗರುಡನಂತೆ ಗಗನಕ್ಕೆ ಚಿಮ್ಮಿ ಇತಿಹಾಸದ ಪುಟಗಳಲ್ಲಿ ಅಜರಾಮರನಾದ.’ ನನಗೆ ಗರುಡ ಕಾಣಿಸಿತು, ಹುಡುಗ ಕಾಣಿಸಲಿಲ್ಲ. ಕರವಸ್ತ್ರ ಎಲ್ಲಿ ಹೋಯ್ತು? ಜಪಾನಿನ ಚುಹೇ ನಾಂಬು 1931ರಲ್ಲಿ ಹಾರಿದ ದೂರ 26 ಅಡಿ 2¼ ಇಂಚು. ಆ ದಾಖಲೆಯ ಗುರುತಿಗೆ ಮರಳಿನ ಗುಂಡಿಯ ಪಕ್ಕ ಕರವಸ್ತ್ರ ಇಡಿಸಿ ಓವೆನ್ಸ್ ಓಡಿಬಂದ. ಇಳಿದದ್ದು 26 ಅಡಿ 8¼ ಇಂಚಿನಲ್ಲಿ, ಅಂದರೆ 8.13 ಮೀಟರ್. ಒಂದೇ ಜಿಗಿತ. ಎರಡನೆಯದಕ್ಕೆ ಕೈ ಹಾಕಲೇ ಇಲ್ಲ. 1960ರಲ್ಲಿ ರಾಲ್ಫ್ ಬೋಸ್ಟನ್ 8.21 ಹಾರುವವರೆಗೆ 25 ವರ್ಷ ಆ ದಾಖಲೆ ನಿಂತಿತು. ಕರವಸ್ತ್ರ ದಾಟಿ ಅರ್ಧ ಅಡಿ. ಇಷ್ಟು ಹೇಳಿದರೆ ಗರುಡ ಯಾಕೆ ಬೇಕು?

ಒಂದೇ ಜಿಗಿತ ಯಾಕೆ? ಬೆನ್ನು. ಅದನ್ನು ನೀವು ‘ನೋವಿನ ಮಹಾಸಾಗರ’ ಅಂದಿದ್ದೀರಿ. ಕೆಲವು ದಿನ ಮೊದಲು ಗೆಳೆಯನ ಜೊತೆ ಹುಡುಗಾಟ ಆಡುತ್ತಾ ಮೆಟ್ಟಿಲಿಂದ ಬಿದ್ದಿದ್ದ. ಬಗ್ಗಲು ಆಗುತ್ತಿರಲಿಲ್ಲ. ಕೋಚ್ ಲ್ಯಾರಿ ಸ್ನೈಡರ್‌ಗೆ ಅವನನ್ನು ಇಳಿಸುವ ಧೈರ್ಯ ಇರಲಿಲ್ಲ. ಮೊದಲ ಓಟ ಓಡಿ ನೋಡ್ತೀನಿ ಅಂತ ಇವನೇ ಒಪ್ಪಿಸಿದ. ಓಟದ ಶುರುವಿಗೆ ಕಾಲೊತ್ತಿ ಚಿಮ್ಮುವ ಸ್ಟಾರ್ಟಿಂಗ್ ಬ್ಲಾಕ್ ಇನ್ನೂ ಅಧಿಕೃತವಾಗದ ಕಾಲ. ಕಾಲೂರಲು ಟ್ರ್ಯಾಕಿನಲ್ಲಿ ಗುಳಿ ತೋಡಿಕೊಂಡು, ಬಗ್ಗಲಾರದ ಆ ಬೆನ್ನನ್ನು ಬಗ್ಗಿಸಿ ಕೂತು, ಗುಂಡಿನ ಸದ್ದಿಗೆ ಕಾಯಬೇಕು. ಆ ಗಳಿಗೆಯ ಬಗ್ಗೆ ಒಂದು ಪ್ಯಾರಾ ಕೊಡಿ.

ಉಳಿದದ್ದಕ್ಕೆ ಗಡಿಯಾರವೇ ಸಾಕು. 3:15ಕ್ಕೆ 100 ಗಜ. 3:25ಕ್ಕೆ ಜಿಗಿತ. 3:34ಕ್ಕೆ 220 ಗಜ, 20.3 ಸೆಕೆಂಡ್. 4 ಗಂಟೆಗೆ 220 ಗಜದ ಲೋ ಹರ್ಡಲ್ಸ್, 22.6. 23 ಸೆಕೆಂಡಿನೊಳಗೆ ಅದನ್ನು ಮುಗಿಸಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ. ಪ್ರತಿ ಸ್ಪರ್ಧೆಗೂ ‘ಅದ್ಭುತ’, ‘ಅಮೋಘ’ ಅಂಟಿಸಬೇಡಿ. ನಿಮ್ಮ ಲೇಖನದಲ್ಲಿ ‘ಅದ್ಭುತ’ ಒಂಬತ್ತು ಸಲ ಇದೆ. ಒಂಬತ್ತನ್ನೂ ತೆಗೆಯಿರಿ.

ಬಾಲ್ಯದ ಭಾಗ ಪೂರ್ತಿ ಬಿಡಿ. ಆದರೆ ನೀವು ಒಂದೇ ಸಾಲಲ್ಲಿ ದಾಟಿಹೋದ ಲಿಫ್ಟ್ ಕೆಲಸದ ಹತ್ತಿರ ಸ್ವಲ್ಪ ನಿಲ್ಲಿ. ಈ ಹುಡುಗನಿಗೆ ವಿದ್ಯಾರ್ಥಿವೇತನ ಇರಲಿಲ್ಲ. ಕಪ್ಪು ಹುಡುಗ ಅಂತ ಕ್ಯಾಂಪಸ್ಸಿನ ಹಾಸ್ಟೆಲಿನಲ್ಲಿ ಜಾಗವೂ ಇರಲಿಲ್ಲ. ಓಹಿಯೋದ ಶಾಸನಸಭೆಯ ಕಟ್ಟಡದಲ್ಲಿ ಲಿಫ್ಟ್ ಓಡಿಸಿ ಓದುತ್ತಿದ್ದ. ಆಗ ಅವನಿಗೆ 21. ಹಿಟ್ಲರ್‌ಗೆ ಕೊಟ್ಟ ಪುಟವನ್ನು ಈ ಲಿಫ್ಟಿಗೆ ಕೊಡಿ. ಅವನನ್ನು ಕೀಳಾಗಿ ಕಂಡದ್ದು ಬರ್ಲಿನ್ ಮಾತ್ರ ಅಲ್ಲ ಅಂತ ನೀವು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

800 ಪದ ಸಾಕು. 3:15ರಿಂದ ಶುರು ಮಾಡಿ, 4 ಗಂಟೆಗೆ ನಿಲ್ಲಿಸಿ. ಹೆಸರನ್ನೂ ಬದಲಿಸಿ, ‘ಮಿಂಚಿನ ಮಗ’ ಬೇಡ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇದೆ. ಹದಿನೈದು ದಿನದೊಳಗೆ ಕಳಿಸಿದರೆ ನಿಮಗೇ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ