ಚಿಕ್ಕ ಗುಂಡಿನ ಪಿಸ್ತೂಲು ಏಕೆ?

ಪ್ರಶ್ನೆ: ಎರಡು ವರ್ಷಗಳಿಂದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಿರುವ ನಾನು ಈಗ .22 (ಸುಮಾರು 0.22 ಇಂಚು ವ್ಯಾಸದ ಗುಂಡಿನ) ಪಿಸ್ತೂಲು ಕೊಳ್ಳಬೇಕೆಂದಿದ್ದೇನೆ. ‘ಕೊಂಡರೆ ದೊಡ್ಡದನ್ನೇ ಕೊಳ್ಳು, ದ್ರಾಕ್ಷಿ ತೋಟದ ಕಾವಲಿಗೂ ಆದೀತು’ ಎನ್ನುತ್ತಾರೆ ನಮ್ಮ ಕಾಕಾ. ಯಾವುದು ಸರಿ?
– ಓದುಗರೊಬ್ಬರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಉದ್ದೇಶ ಕ್ರೀಡೆಯಾಗಿದ್ದರೆ ನಿಮ್ಮ ಆಯ್ಕೆಯೇ ಸರಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಅವರು ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯೂ .22 ಪಿಸ್ತೂಲಿನದೇ. ಗುಂಡಿನ ತೂಕ ಸಾಮಾನ್ಯವಾಗಿ 2.6 ಗ್ರಾಂನಷ್ಟೇ ಇರುವುದರಿಂದ ಪಿಸ್ತೂಲು ಕೈಯನ್ನು ಹಿಂದಕ್ಕೆ ಜೋರಾಗಿ ಒದೆಯುವುದಿಲ್ಲ. ಆ ಒದೆತದ ಭಯವಿಲ್ಲದಾಗ ಮಾತ್ರ ಟ್ರಿಗರ್ ಎಳೆಯುವಲ್ಲಿನ ನಿಮ್ಮ ತಪ್ಪು ನಿಮಗೇ ಕಾಣುತ್ತದೆ, ತಿದ್ದಿಕೊಳ್ಳಲೂ ಬರುತ್ತದೆ.

ಹಾರಿಸಿದ .22 ಕಾಡತೂಸಿನ ತಳವನ್ನೊಮ್ಮೆ ನೋಡಿ. ದೊಡ್ಡ ಕಾಡತೂಸಿನ ನಡುವೆ ಇರುವ, ಕಿಡಿ ಹೊತ್ತಿಸುವ ಕ್ಯಾಪ್ ಇದಕ್ಕಿಲ್ಲ. ಕಿಡಿಮದ್ದು ಅಂಚಿನ ಮಡಿಕೆಯೊಳಗೇ ಇರುತ್ತದೆ, ಪಿನ್ ಬಡಿದ ಸಣ್ಣ ತಗ್ಗು ಆ ಅಂಚಿನಲ್ಲೇ ಮೂಡಿರುತ್ತದೆ. ಈ ಸರಳ ರಚನೆಯಿಂದಲೇ ಅದು ಅಗ್ಗ, ಆದರೆ ಮದ್ದು ಅಂಚಿನ ಸುತ್ತ ಸಮನಾಗಿ ಹರಡದಿದ್ದರೆ ಗುಂಡು ಹಾರದೇ ಇರಬಹುದು. ಹಾಗಾದಾಗ ಅದು ತಡವಾಗಿ ಹಾರಲೂಬಹುದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ.

ತೋಟದ ಕಾವಲಿಗೆ ಚಿಕ್ಕದೂ ಬೇಡ, ದೊಡ್ಡದೂ ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಈ ಪುಟ್ಟ ಗುಂಡೇ ಒಂದು ಕಿಲೋಮೀಟರಿಗೂ ಆಚೆ ಹಾರಬಲ್ಲದು, ಬಳ್ಳಿಗಳ ಸಾಲಿನಲ್ಲಿ ಕೂಲಿಯವರು ಬಗ್ಗಿ ಕೆಲಸ ಮಾಡುತ್ತಿರುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಗೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸುವಾಗ ಕ್ರೀಡೆಯ ಉದ್ದೇಶವನ್ನೇ ನಮೂದಿಸಿ, ಅಭ್ಯಾಸದ ದಾಖಲೆಗಳನ್ನು ಲಗತ್ತಿಸಿ.