ಪ್ರತಿಕ್ರಿಯೆ: ರೈತ ಸಂಪರ್ಕ ಕೇಂದ್ರ ಬರೀ ಬೀಜ, ಗೊಬ್ಬರಕ್ಕೆ ಮಾತ್ರವೇ?

ರೈತ ಸಂಪರ್ಕ ಕೇಂದ್ರದಲ್ಲಿ ಬೀಜ, ಗೊಬ್ಬರ ಬಿಟ್ಟು ಬೇರೇನು ಸಿಗುತ್ತದೆ, ಅದರಿಂದ ನಮ್ಮ ಊಟಕ್ಕೆ ಏನು ಲಾಭ ಎಂದು ಕೇಳಿದ್ದೀರಿ. ಸಿಗಬೇಕಾದ ದೊಡ್ಡ ವಸ್ತು ಸಲಹೆ.

2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯನ್ನೇ ನೋಡಿ. ಕೃಷಿ ಇಲಾಖೆ ಮತ್ತು ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ ಮಳೆ ನಂಬಿದ ಹೊಲಗಳ ಮಣ್ಣು ಪರೀಕ್ಷೆ ಮಾಡಿದವು. ಯೂರಿಯಾ, ಡಿಎಪಿ ಹಾಕುತ್ತಿದ್ದರೂ ಗಂಧಕ, ಸತು, ಬೋರಾನ್ ಕೊರತೆ ಬಹಳ ಕಡೆ ಕಂಡಿತು. ಊರಿನವರನ್ನೇ ರೈತ ಅನುವುಗಾರರನ್ನಾಗಿ ಮಾಡಿ, ಈ ಕೊರತೆ ನೀಗಿಸುವ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ಬಳಕೆ ಕಲಿಸಿದರು. ರಾಗಿ, ಶೇಂಗಾ ಇಳುವರಿ ಏರಿತು. ನೀರಾವರಿ ಇಲ್ಲದ ಹೊಲದಲ್ಲೂ ರಾಗಿ ಕೈಹಿಡಿದರೆ ಮನೆಯ ಮುದ್ದೆಗೂ ಆಗುತ್ತದೆ, ಮಾರಾಟಕ್ಕೂ ಉಳಿಯುತ್ತದೆ ಅಲ್ವಾ? ಅನುವುಗಾರರು ಹೊಲಕ್ಕೇ ಬರುತ್ತಿದ್ದದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮೊಬೈಲ್ ಸಂದೇಶ ಆ ಕೆಲಸ ಮಾಡುವುದಿಲ್ಲ.

ನೀವು ಸುಮ್ನೆ ಗೊಬ್ಬರ ಕೇಳಬೇಡಿ. ಹೊಲದ ಹಲವು ಕಡೆಯಿಂದ 15 ಸೆಂ.ಮೀ. ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋದಷ್ಟು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ. ಬೆಳೆಗೆ ತುರ್ತಾಗಿ ಸಲಹೆ ಬೇಕಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.